ಊರಿನ ಹಿರಿಯರ ಸಲಹಾ ಮಂಡಳಿ: ರಚಿಸುವುದು ಹೇಗೆ, ನಡೆಸಿಕೊಂಡು ಹೋಗುವುದು ಹೇಗೆ

ತಾಲ್ಲೂಕು ಮಟ್ಟದಲ್ಲಿ ಶಿಕ್ಷಣ, ಆರೋಗ್ಯ, ಮಹಿಳೆಯರ ಸ್ವಉದ್ಯೋಗ, ಕೆರೆ ಸಂರಕ್ಷಣೆ ಮುಂತಾದ ಕೆಲಸಗಳಲ್ಲಿ ತೊಡಗಿರುವ ಅನೇಕ ಸಂಘಗಳೂ ಟ್ರಸ್ಟ್‌ಗಳೂ ಸ್ವಲ್ಪ ಹೆಸರು ಮಾಡುತ್ತಿದ್ದಂತೆಯೇ ಸಲಹಾ ಮಂಡಳಿಯೊಂದನ್ನು ರಚಿಸಲು ಮುಂದಾಗುತ್ತವೆ. ನಿವೃತ್ತ ಮುಖ್ಯೋಪಾಧ್ಯಾಯರು, ಹೆಸರಾಂತ ವೈದ್ಯರು, ಹಾಲು ಉತ್ಪಾದಕರ ಸಂಘದ ಮಾಜಿ ಅಧ್ಯಕ್ಷರು, ಹಿರಿಯ ವಕೀಲರು ಒಪ್ಪಿಗೆ ಕೊಡುತ್ತಾರೆ. ಅವರ ಹೆಸರುಗಳು ಲೆಟರ್‌ಹೆಡ್‌ನ ಎಡಬದಿಯಲ್ಲಿ ಅಚ್ಚಾಗುತ್ತವೆ. ಆಮೇಲೆ ವಾರ್ಷಿಕೋತ್ಸವದ ವೇದಿಕೆಗೆ ಕರೆಯುವುದನ್ನು ಬಿಟ್ಟರೆ ಅವರನ್ನು ಯಾರೂ ಏನನ್ನೂ ಕೇಳುವುದಿಲ್ಲ. ಬದುಕಿನ ಮೂವತ್ತು ನಲವತ್ತು ವರ್ಷ ಸಮುದಾಯಕ್ಕಾಗಿ ದುಡಿದವರ ತಿಳಿವಳಿಕೆ ಹೀಗೆ ವ್ಯರ್ಥವಾಗುವುದು ದೊಡ್ಡ ನಷ್ಟ. ಅವರಿಗೆ ನಿಜವಾದ ಪ್ರಶ್ನೆಗಳನ್ನು ಒಪ್ಪಿಸಿ, ಅವರು ಕೊಟ್ಟ ಸಲಹೆ ಏನಾಯಿತು ಎಂಬುದನ್ನು ತಪ್ಪದೆ ತಿಳಿಸುವ ಪದ್ಧತಿ ಇದ್ದರೆ ಮಾತ್ರ ಸಲಹಾ ಮಂಡಳಿಗೆ ಅರ್ಥವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹ ಆ ಪದ್ಧತಿಯನ್ನು ರೂಢಿಸಿಕೊಳ್ಳಬಯಸುವ ಸಣ್ಣ ಸಂಸ್ಥೆಗಳ ಕಾರ್ಯದರ್ಶಿಗಳಿಗಾಗಿ.

ಮೊದಲು ಪ್ರಶ್ನೆಗಳ ಪಟ್ಟಿ

ಯಾರನ್ನು ಕರೆಯಬೇಕು ಎಂದು ಚರ್ಚಿಸುವ ಮೊದಲು ಕಾರ್ಯಕಾರಿ ಸಮಿತಿಯು ಒಂದು ಸಂಜೆ ಕುಳಿತು, ಮುಂದಿನ ಎರಡು ವರ್ಷಗಳಲ್ಲಿ ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಯಾವುವು ಎಂಬುದನ್ನು ಬರೆದುಕೊಳ್ಳಬೇಕು. ಹೊಲಿಗೆ ತರಬೇತಿಗೆ ಸೇರಿದ ಮಹಿಳೆಯರು ಅರ್ಧದಲ್ಲೇ ಏಕೆ ಬಿಡುತ್ತಿದ್ದಾರೆ, ಕೆರೆಯ ಹೂಳೆತ್ತಿದ ಮೇಲೆ ಅದರ ನಿರ್ವಹಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸುವುದು ಹೇಗೆ, ಒಬ್ಬರೇ ದಾನಿಯನ್ನು ನೆಚ್ಚಿಕೊಂಡಿರುವ ಸ್ಥಿತಿಯಿಂದ ಹೊರಬರುವ ದಾರಿ ಯಾವುದು ಎಂಬಂಥ ಪ್ರಶ್ನೆಗಳು ಆ ಪಟ್ಟಿಯಲ್ಲಿರಲಿ. ಪಟ್ಟಿ ಸಿದ್ಧವಾದರೆ ಯಾರು ಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಪಟ್ಟಿಯೇ ಆಗದಿದ್ದರೆ ಸಂಸ್ಥೆಗೆ ಸದ್ಯಕ್ಕೆ ಸಲಹಾ ಮಂಡಳಿ ಬೇಕಾಗಿಲ್ಲವೆಂದು ತಿಳಿಯಬೇಕು.

ಸಲಹೆಗೂ ಆಡಳಿತಕ್ಕೂ ನಡುವಿನ ಗೆರೆ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಸಂಘ ಸ್ಥಾಪಿಸಲು ಕನಿಷ್ಠ 7 ಮಂದಿ ಬೇಕು. ಸಂಘದ ಆಡಳಿತದ ಹೊಣೆ ಅದರ ಆಡಳಿತ ಮಂಡಳಿ ಅಥವಾ ಕಾರ್ಯಕಾರಿ ಸಮಿತಿಯದು, ಪ್ರತಿ ವರ್ಷ ನೋಂದಣಾಧಿಕಾರಿಗೆ ಸಲ್ಲಿಸಬೇಕಾದ ಪಟ್ಟಿಯಲ್ಲಿ ಇರುವುದೂ ಅದರ ಸದಸ್ಯರ ಹೆಸರೇ. ಟ್ರಸ್ಟ್ ಆದರೆ ಆ ಹೊಣೆ ಟ್ರಸ್ಟ್ ಡೀಡ್‌ನಲ್ಲಿ ಹೆಸರಿಸಿದ ಟ್ರಸ್ಟಿಗಳದು. ಸಲಹಾ ಮಂಡಳಿಯು ಸಂಸ್ಥೆ ತನ್ನ ಅನುಕೂಲಕ್ಕಾಗಿ ಮಾಡಿಕೊಳ್ಳುವ ಏರ್ಪಾಡು; ಅದರ ಸದಸ್ಯರು ಚೆಕ್‌ಗೆ ಸಹಿ ಹಾಕುವುದಿಲ್ಲ, ನೇಮಕಾತಿ ಆದೇಶ ಹೊರಡಿಸುವುದಿಲ್ಲ, ಮತ ಚಲಾಯಿಸುವುದಿಲ್ಲ.

ಈ ಗೆರೆಯನ್ನು ಕಾಗದದ ಮೇಲೆಯೇ ಎಳೆದಿಡಬೇಕು. ಬೈಲಾದಲ್ಲಿ ಉಪಸಮಿತಿ ಅಥವಾ ಸಲಹಾ ಸಮಿತಿ ರಚಿಸಲು ಅವಕಾಶವಿದೆಯೇ ಎಂದು ನೋಡಿ, ಇದ್ದರೆ ಆ ನಿಯಮವನ್ನು ಉಲ್ಲೇಖಿಸಿ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಿರ್ಣಯ ಅಂಗೀಕರಿಸಬೇಕು. ಮಂಡಳಿಯ ಉದ್ದೇಶ, ಸದಸ್ಯರ ಸಂಖ್ಯೆ, ಅವಧಿ ಮತ್ತು ಅಧಿಕಾರದ ಮಿತಿಯನ್ನು ಆ ನಿರ್ಣಯದಲ್ಲಿಯೇ ಬರೆದು ನಡವಳಿ ಪುಸ್ತಕಕ್ಕೆ ಸೇರಿಸಬೇಕು. ಕಂಪನಿ ಕಾಯ್ದೆ, 2013ರ 8ನೇ ಸೆಕ್ಷನ್ ಅಡಿ ಲಾಭದ ಉದ್ದೇಶವಿಲ್ಲದ ಕಂಪನಿಗಳಾಗಿ ನೋಂದಣಿಯಾದ ಸಂಸ್ಥೆಗಳು ಇನ್ನೂ ಎಚ್ಚರದಿಂದಿರಬೇಕು. ಏಕೆಂದರೆ ನಿರ್ದೇಶಕ ಮಂಡಳಿಯು ಯಾರ ಸಲಹೆ ಅಥವಾ ಸೂಚನೆಯಂತೆ ನಡೆಯುವುದನ್ನು ರೂಢಿ ಮಾಡಿಕೊಂಡಿದೆಯೋ ಅಂಥವರನ್ನು, ವೃತ್ತಿಪರರಾಗಿ ಸಲಹೆ ನೀಡಿದವರನ್ನು ಹೊರತುಪಡಿಸಿ, ತಪ್ಪಿತಸ್ಥ ಅಧಿಕಾರಿಯ (ಕಂಪನಿ ಕಾನೂನು ಮೀರಿದಾಗ ಹೊಣೆ ಹೊರಬೇಕಾದವರ) ವ್ಯಾಖ್ಯೆಯೊಳಗೆ ತರಲು ಆ ಕಾಯ್ದೆಯ 2(60)ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಸಲಹೆಯನ್ನು ಕೇಳಿ, ಚರ್ಚಿಸಿ, ತೀರ್ಮಾನವನ್ನು ತಾನೇ ಕೈಗೊಂಡಿದೆ ಎಂಬುದು ಆಡಳಿತ ಮಂಡಳಿಯ ನಡವಳಿಯಲ್ಲಿ ಕಾಣಬೇಕು. ಗೌರವದಿಂದ ನಮ್ಮ ಮಾತಿಗೆ ಒಪ್ಪಿ ಬಂದ ಹಿರಿಯರನ್ನು ಅವರು ಮಾಡದ ತಪ್ಪಿನ ಹೊಣೆಯಿಂದ ಕಾಪಾಡುವುದು ನಮ್ಮ ಮೊದಲ ಕರ್ತವ್ಯ.

ಯಾರನ್ನು ಕರೆಯಬೇಕು

ಏಳರಿಂದ ಒಂಬತ್ತು ಮಂದಿ ಸಾಕು. ಹದಿನೈದು ಜನರ ಮಂಡಳಿಯಲ್ಲಿ ಮೂವರು ಮಾತಾಡಿ ಉಳಿದವರು ತಲೆಯಾಡಿಸುತ್ತಾರೆ. ಲೆಕ್ಕಪತ್ರ ಬಲ್ಲವರೊಬ್ಬರು, ಕಾನೂನು ಬಲ್ಲವರೊಬ್ಬರು, ಸಂಸ್ಥೆಯ ಮುಖ್ಯ ಕೆಲಸದಲ್ಲಿ ಪಳಗಿದವರು ಇಬ್ಬರು ಇರಲಿ. ಉಳಿದ ಸ್ಥಾನಗಳಿಗೆ, ಸಂಸ್ಥೆಯಿಂದ ನೆರವು ಪಡೆಯುವ ಸಮುದಾಯದೊಳಗಿಂದಲೇ ಬೆಳೆದು ಬಂದ ಮುಂದಾಳುಗಳನ್ನು ಹುಡುಕಬೇಕು: ಸ್ತ್ರೀಶಕ್ತಿ ಸಂಘಗಳ ಒಕ್ಕೂಟವನ್ನು ಕಷ್ಟಕಾಲದಲ್ಲಿ ಒಡೆಯದಂತೆ ನಡೆಸಿದವರು, ಊರೂರು ತಿರುಗಿದ ಆಶಾ ಕಾರ್ಯಕರ್ತೆ, ಬೀಜ ಸಂರಕ್ಷಿಸುವ ರೈತ.

ಸಾಧನೆಯನ್ನು ಪದವಿಯಿಂದಲೋ ಹುದ್ದೆಯಿಂದಲೋ ಅಳೆಯುವ ಅಭ್ಯಾಸ ನಮ್ಮಲ್ಲಿ ಆಳವಾಗಿದೆ. ಕಿತ್ತಳೆ ಹಣ್ಣು ಮಾರಿ ಉಳಿಸಿದ ಹಣದಿಂದ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರಿಗೂ, ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂದು ಬಲ್ಲವರಾಗಿದ್ದ ಅಂಕೋಲಾದ ತುಳಸಿ ಗೌಡ ಅವರಿಗೂ 2020ರ ಪದ್ಮಶ್ರೀ ಘೋಷಣೆಯಾಯಿತು. ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ಹರಿಸಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕ ಅವರಿಗೆ 2022ರಲ್ಲಿ ಆ ಗೌರವ ಸಂದಿತು. ಈ ಮೂವರಲ್ಲಿ ಯಾರಿಗೂ ಶಾಲೆಯ ವಿದ್ಯೆ ದಕ್ಕಿರಲಿಲ್ಲ. ಅಂಥವರು ಪ್ರತಿ ತಾಲ್ಲೂಕಿನಲ್ಲಿಯೂ, ಪ್ರಶಸ್ತಿಗಳ ಕಣ್ಣಿಗೆ ಬೀಳದೆ, ಇದ್ದಾರೆ. ಅವರನ್ನು ಗುರುತಿಸಲು ಅಂಗನವಾಡಿ ಕಾರ್ಯಕರ್ತೆಯರನ್ನೂ ಗ್ರಂಥಾಲಯದ ಮೇಲ್ವಿಚಾರಕರನ್ನೂ ವಿಚಾರಿಸಬೇಕು. ಊರಲ್ಲಿ ಜಗಳವಾದಾಗ, ಮಗು ಶಾಲೆ ಬಿಟ್ಟಾಗ ಜನ ಯಾರ ಮನೆಗೆ ಹೋಗುತ್ತಾರೆ ಎಂಬ ಒಂದು ಪ್ರಶ್ನೆಯೇ ಸರಿಯಾದ ಹೆಸರನ್ನು ಮುಂದಿಡುತ್ತದೆ.

ಮಹಿಳೆಯರು ಅರ್ಧದಷ್ಟಾದರೂ ಇರಬೇಕೆಂಬುದು ನನ್ನ ಒತ್ತಾಯ. ಕೇಂದ್ರ ಸರ್ಕಾರ 2024ರಲ್ಲಿ ಪರಿಷ್ಕರಿಸಿದ ಸಮುದಾಯ ಬಾನುಲಿ ಮಾರ್ಗಸೂಚಿಯು ಬಾನುಲಿ ಕೇಂದ್ರಗಳ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕೆಂದು ಹೇಳಿದೆ. ಉಳಿದ ಸಂಸ್ಥೆಗಳು ಅದನ್ನು ತಾವಾಗಿಯೇ ಅನುಸರಿಸಲು ಅಡ್ಡಿಯೇನೂ ಇಲ್ಲ.

ಹಾಲಿ ಶಾಸಕರನ್ನೋ ಚುನಾವಣೆಗೆ ನಿಲ್ಲುವ ಸಿದ್ಧತೆಯಲ್ಲಿರುವವರನ್ನೋ ಮಂಡಳಿಗೆ ಸೇರಿಸದಿರುವುದು ಒಳ್ಳೆಯದು. ಅವರನ್ನು ಕಾರ್ಯಕ್ರಮಗಳಿಗೆ ಅತಿಥಿಗಳಾಗಿ ಕರೆಯಬಹುದು, ಕೆಲಸಕ್ಕಾಗಿ ಭೇಟಿಯಾಗಬಹುದು. ಆದರೆ ಪಕ್ಷವೊಂದರ ಗುರುತು ಅಂಟಿಕೊಂಡರೆ ಮುಂದಿನ ಚುನಾವಣೆಯ ನಂತರ ಸಂಸ್ಥೆ ಅದರ ಬೆಲೆ ತೆರಬೇಕಾಗುತ್ತದೆ. ಸೇವೆಯಲ್ಲಿರುವ ಸರ್ಕಾರಿ ನೌಕರರು ತಮ್ಮ ನಡತೆ ನಿಯಮಗಳ ಪ್ರಕಾರ ಇಲಾಖೆಯ ಅನುಮತಿ ಅಗತ್ಯವಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಲಿ.

ಆಹ್ವಾನ

ಆಹ್ವಾನವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬಾರದು. ಅಧ್ಯಕ್ಷರೂ ಕಾರ್ಯದರ್ಶಿಯೂ ಖುದ್ದಾಗಿ ಅವರ ಮನೆಗೋ ತೋಟಕ್ಕೋ ಹೋಗಿ, ಸಂಸ್ಥೆಯ ಕೆಲಸವನ್ನು ವಿವರಿಸಿ, ಈ ನಿರ್ದಿಷ್ಟ ಪ್ರಶ್ನೆಗೆ ತಮ್ಮ ಅನುಭವ ಬೇಕಾಗಿದೆ ಎಂದು ಹೇಳಬೇಕು. ಒಪ್ಪಿದ ಮೇಲೆ ಒಂದು ಪುಟದ ಪತ್ರ ಕೊಡಬೇಕು. ಅದರ ಒಡಲು ಹೀಗಿರಬಹುದು:

"ತಾವು ನಮ್ಮ ಸಂಘದ ಸಲಹಾ ಮಂಡಳಿಯ ಸದಸ್ಯರಾಗಿ ಎರಡು ವರ್ಷ ಮಾರ್ಗದರ್ಶನ ನೀಡಬೇಕೆಂದು ಕೋರುತ್ತೇವೆ. ವರ್ಷಕ್ಕೆ ಮೂರು ಸಭೆಗಳು ನಡೆಯುತ್ತವೆ. ಪ್ರತಿ ಸಭೆಗೆ ಹತ್ತು ದಿನ ಮೊದಲು ಎರಡು ಪುಟದ ಟಿಪ್ಪಣಿ ತಮ್ಮ ಕೈಸೇರುತ್ತದೆ. ತಮ್ಮ ಸಲಹೆಯನ್ನು ಕಾರ್ಯಕಾರಿ ಸಮಿತಿಯು ಚರ್ಚಿಸಿ, ಅದರ ಮೇಲಿನ ತೀರ್ಮಾನವನ್ನು ಒಂದು ತಿಂಗಳೊಳಗೆ ತಮಗೆ ತಿಳಿಸುತ್ತದೆ. ಹಣಕಾಸು, ನೇಮಕಾತಿ ಮತ್ತು ಕಾನೂನಿನ ಹೊಣೆಗಾರಿಕೆ ಕಾರ್ಯಕಾರಿ ಸಮಿತಿಗೆ ಸೇರಿದ್ದು. ತಮ್ಮ ಪ್ರಯಾಣ ವೆಚ್ಚವನ್ನು ಸಂಘ ಭರಿಸುತ್ತದೆ. ತಮ್ಮ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ದೇಣಿಗೆ ಮನವಿಯಲ್ಲಿ ಬಳಸುವ ಮೊದಲು ಪ್ರತಿ ಸಲವೂ ತಮ್ಮ ಒಪ್ಪಿಗೆ ಪಡೆಯುತ್ತೇವೆ."

ಪ್ರಯಾಣ ವೆಚ್ಚದ ಮಾತನ್ನು ಸಂಕೋಚದಿಂದ ಬಿಟ್ಟುಬಿಡುವ ರೂಢಿಯಿದೆ. ದಿನಗೂಲಿ ಬಿಟ್ಟು ಬರುವ ಸದಸ್ಯೆಗೆ ಬಸ್ ಚಾರ್ಜಿನ ಜೊತೆಗೆ ಆ ದಿನದ ಕೂಲಿಯಷ್ಟು ಗೌರವಧನವನ್ನೂ ಕೊಡಬೇಕು. ಹಾಗೆ ಕೊಡುವುದಾದರೆ ಎಲ್ಲ ಸದಸ್ಯರಿಗೂ ಒಂದೇ ನಿಯಮವಿರಲಿ, ಬೇಡವೆಂದವರು ಬಿಟ್ಟುಕೊಡಲಿ.

ಆಹ್ವಾನ ಪಡೆದವರಿಗೂ ಒಂದು ಮಾತು. ಒಪ್ಪುವ ಮೊದಲು ನೋಂದಣಿ ಪತ್ರ, ಬೈಲಾ, ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಕೇಳಿ ಓದಿ. ನ್ಯಾಯಾಲಯದಲ್ಲಿ ಯಾವುದಾದರೂ ಮೊಕದ್ದಮೆ ಇದೆಯೇ ಎಂದು ವಿಚಾರಿಸಿ. ಕೇಳಿದ್ದಕ್ಕೆ ಬೇಸರಿಸುವ ಸಂಸ್ಥೆಗೆ ತಮ್ಮ ಹೆಸರನ್ನು ಕೊಡಬೇಕಾಗಿಲ್ಲ.

ಸಭೆ ನಡೆಸುವ ಕ್ರಮ

ದಿನಾಂಕ ಗೊತ್ತುಮಾಡುವಾಗ ಬಿತ್ತನೆ, ಕೊಯ್ಲು, ಊರಿನ ಜಾತ್ರೆ, ಶಾಲಾ ಪರೀಕ್ಷೆಗಳ ಕಾಲವನ್ನು ಬಿಟ್ಟು, ಕೊನೆಯ ಬಸ್ಸು ತಪ್ಪದ ಹೊತ್ತಿಗೆ ಮುಗಿಯುವಂತೆ ನೋಡಿಕೊಳ್ಳಬೇಕು. ಸನ್ಮಾನ ಮತ್ತು ಸಲಹೆ ಒಂದೇ ದಿನ ಬೇಡ. ಶಾಲು, ಹಾರ, ಫಲತಾಂಬೂಲ, ಸ್ವಾಗತ ಭಾಷಣಗಳಲ್ಲಿ ಮೊದಲ ಒಂದು ಗಂಟೆ ಕಳೆದುಹೋದರೆ, ಉಳಿದ ಹೊತ್ತಿನಲ್ಲಿ ಯಾರೂ ಕಟುಸತ್ಯ ಹೇಳುವ ಮನಸ್ಸು ಮಾಡುವುದಿಲ್ಲ. ವೇದಿಕೆ ಬೇಡ, ಎಲ್ಲರೂ ಒಂದೇ ಸುತ್ತಿನಲ್ಲಿ ಕೂರಲಿ.

ಮುಂಗಡವಾಗಿ ಕಳಿಸುವ ಟಿಪ್ಪಣಿಯಲ್ಲಿ ಎರಡು ಅಥವಾ ಮೂರು ಪ್ರಶ್ನೆಗಳಷ್ಟೇ ಇರಲಿ. "ತರಬೇತಿ ಕಾರ್ಯಕ್ರಮದ ಪ್ರಗತಿ ಪರಿಶೀಲನೆ" ಎಂದು ಬರೆದರೆ ಬರುವ ಉತ್ತರ ಮೆಚ್ಚುಗೆಯ ನಾಲ್ಕು ಮಾತು ಮಾತ್ರ. ಅದರ ಬದಲು, ತರಬೇತಿಗೆ ಸೇರಿದವರೆಷ್ಟು, ಮುಗಿಸಿದವರೆಷ್ಟು, ಬಿಟ್ಟವರು ಹೇಳಿದ ಕಾರಣಗಳೇನು ಎಂಬುದನ್ನು ಅಂಕಿಗಳೊಡನೆ ಕೊಟ್ಟು, "ತರಬೇತಿಯ ಸಮಯವನ್ನು ಬದಲಿಸಬೇಕೇ, ಸ್ಥಳವನ್ನು ಬದಲಿಸಬೇಕೇ, ಅಥವಾ ಈ ತರಬೇತಿಯನ್ನೇ ಕೈಬಿಟ್ಟು ಬೇರೆಯದನ್ನು ಯೋಚಿಸಬೇಕೇ?" ಎಂದು ಕೇಳಬೇಕು. ಕೆಟ್ಟ ಸುದ್ದಿಯನ್ನು ಮುಚ್ಚಿಡಬಾರದು. ಫಲಾನುಭವಿಗಳ ಹೆಸರು, ಕಾಯಿಲೆ, ಸಾಲದ ವಿವರಗಳನ್ನು ಮಾತ್ರ ಟಿಪ್ಪಣಿಯಲ್ಲಿ ಸೇರಿಸಬಾರದು. ಅವರ ಮರ್ಯಾದೆಯ ದೃಷ್ಟಿಯಿಂದಲೂ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ದೃಷ್ಟಿಯಿಂದಲೂ ಅದು ಸಲ್ಲದು. ಓದಲು ಬಾರದ ಸದಸ್ಯರ ಮನೆಗೆ ಕಾರ್ಯಕರ್ತರೊಬ್ಬರು ಹೋಗಿ ಟಿಪ್ಪಣಿಯನ್ನು ಓದಿ ಹೇಳಿ ಬರಬೇಕು. ಇದನ್ನು ವಿಶೇಷ ಉಪಕಾರದಂತೆ ಕಾಣಬಾರದು, ಸಭೆಯ ಸಿದ್ಧತೆಯ ಭಾಗವೆಂದೇ ನಡೆಸಬೇಕು.

ಮಾತಿನ ಸರದಿಗೆ ಬಹಳ ಮಹತ್ವವಿದೆ. ನಿವೃತ್ತ ಅಧಿಕಾರಿಗಳು ಮೊದಲು ಮಾತಾಡಿದರೆ ಆಶಾ ಕಾರ್ಯಕರ್ತೆ "ಸಾಹೇಬರು ಹೇಳಿದ್ದೇ ಸರಿ" ಎಂದು ಮುಗಿಸಿಬಿಡುತ್ತಾರೆ. ಹಾಗಾಗಿ ಸಭೆ ನಡೆಸುವವರು ಸಮಸ್ಯೆಗೆ ಅತ್ಯಂತ ಹತ್ತಿರವಿರುವವರಿಂದ ಆರಂಭಿಸಿ, ಹುದ್ದೆಯಲ್ಲಿ ದೊಡ್ಡವರಾಗಿದ್ದವರನ್ನು ಕೊನೆಗೆ ಕೇಳಬೇಕು. ಇದನ್ನು ಮೊದಲೇ ವಿನಯದಿಂದ ತಿಳಿಸಿದರೆ ಹಿರಿಯರು ಸಂತೋಷದಿಂದಲೇ ಒಪ್ಪುತ್ತಾರೆ.

ಸಲಹೆ ಏನಾಯಿತು

ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವೈಜ್ಞಾನಿಕ ಸಲಹಾ ಸಮಿತಿ ಇರುತ್ತದೆ. ವಿಜ್ಞಾನಿಗಳು, ಇಲಾಖೆಗಳ ಅಧಿಕಾರಿಗಳು, ಬ್ಯಾಂಕಿನ ಪ್ರತಿನಿಧಿಗಳ ಜೊತೆಗೆ ರೈತರೂ ರೈತ ಮಹಿಳೆಯರೂ ಅದರ ಸದಸ್ಯರು. ಆ ಸಭೆಗಳಲ್ಲಿ ಹಿಂದಿನ ಸಭೆಯ ಶಿಫಾರಸುಗಳ ಮೇಲೆ ಕೈಗೊಂಡ ಕ್ರಮದ ವರದಿಯನ್ನು ಮಂಡಿಸುವ ಪದ್ಧತಿಯಿದೆ. ಸಣ್ಣ ಸಂಸ್ಥೆಗಳು ಬೇರೇನನ್ನು ಬಿಟ್ಟರೂ ಇದೊಂದನ್ನು ಬಿಡಬಾರದು. ಒಂದು ರಿಜಿಸ್ಟರಿನಲ್ಲಿ ಸಲಹೆ, ಕಾರ್ಯಕಾರಿ ಸಮಿತಿಯ ತೀರ್ಮಾನ, ಕಾರಣ ಎಂದು ಮೂರು ಕಲಂ ಹಾಕಿಕೊಂಡರೆ ಸಾಕು. ಮೇಲಿನ ಹೊಲಿಗೆ ತರಬೇತಿಯ ಉದಾಹರಣೆಯನ್ನೇ ಮುಂದುವರಿಸುವುದಾದರೆ, ತರಗತಿಯನ್ನು ಬೆಳಿಗ್ಗೆಯ ಬದಲು ಮಧ್ಯಾಹ್ನ 2ರಿಂದ 5ರವರೆಗೆ ನಡೆಸಬೇಕೆಂಬ ಸಲಹೆಯ ಎದುರು "ಒಪ್ಪಲಾಗಿದೆ, ಮುಂದಿನ ತಂಡದಿಂದ ಜಾರಿ" ಎಂದೂ, ತರಬೇತಿ ಮುಗಿಸಿದವರಿಗೆಲ್ಲ ಉಚಿತವಾಗಿ ಯಂತ್ರ ಕೊಡಬೇಕೆಂಬ ಸಲಹೆಯ ಎದುರು "ಒಪ್ಪಲಾಗಿಲ್ಲ; ದಾನಿಯ ಷರತ್ತಿನಂತೆ ಈ ಹಣವನ್ನು ತರಬೇತಿಗೆ ಮಾತ್ರ ಬಳಸಬೇಕು; ಬದಲಿಗೆ ಬ್ಯಾಂಕ್ ಸಾಲದ ಅರ್ಜಿ ತುಂಬಲು ನೆರವು ನೀಡಲಾಗುವುದು" ಎಂದೂ ಬರೆಯಬಹುದು. ತಮ್ಮ ಸಲಹೆ ತಿರಸ್ಕೃತವಾಯಿತೆಂದು ಬೇಸರಪಡುವವರು ಕಡಿಮೆ. ಸಲಹೆ ಎಲ್ಲಿ ಹೋಯಿತೆಂದೇ ತಿಳಿಯದಿದ್ದಾಗ ಹಿರಿಯರು ಸದ್ದಿಲ್ಲದೆ ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ.

ಹಿತಾಸಕ್ತಿ ಮತ್ತು ಅವಧಿ

ಸದಸ್ಯರೊಬ್ಬರ ಕಟ್ಟಡವನ್ನು ಸಂಸ್ಥೆ ಬಾಡಿಗೆಗೆ ಪಡೆಯುವ ಪ್ರಸಂಗ, ಅವರ ಅಂಗಡಿಯಿಂದ ಸಾಮಗ್ರಿ ಕೊಳ್ಳುವ ಪ್ರಸಂಗ, ಅವರ ಸಂಬಂಧಿಕರು ಕೆಲಸಕ್ಕೆ ಅರ್ಜಿ ಹಾಕುವ ಪ್ರಸಂಗ ಊರಿನೊಳಗೆ ಬಂದೇ ಬರುತ್ತದೆ. ಅಂಥ ವಿಷಯವನ್ನು ಸದಸ್ಯರು ತಾವಾಗಿಯೇ ತಿಳಿಸಿ, ಆ ಚರ್ಚೆಯಿಂದ ಹೊರಗುಳಿಯಬೇಕು. ಹೊರಗುಳಿದದ್ದು ನಡವಳಿಯಲ್ಲಿ ದಾಖಲಾಗಬೇಕು. ಆದಾಯ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯ ಹಣ ಅಥವಾ ಆಸ್ತಿಯು ಸ್ಥಾಪಕರು, ಟ್ರಸ್ಟಿಗಳು, ದೊಡ್ಡ ದಾನಿಗಳು ಮತ್ತು ಅವರ ಸಂಬಂಧಿಕರ ಅನುಕೂಲಕ್ಕೆ ಬಳಕೆಯಾದರೆ ವಿನಾಯಿತಿಗೇ ಧಕ್ಕೆ ಬರುತ್ತದೆ. ಆದ್ದರಿಂದ ದೊಡ್ಡ ದಾನಿಯೊಬ್ಬರು ಸಲಹೆಗಾರರೂ ಆಗಿರುವಲ್ಲಿ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು. ಸಲಹೆಗಾರರು ದಾನಿಗಳನ್ನು ಪರಿಚಯಿಸಬಹುದು; ಹಣ ಪಡೆಯುವುದೂ ರಸೀದಿ ಕೊಡುವುದೂ ಕಚೇರಿಯ ಕೆಲಸ. ಅಂತೆಯೇ ಸಿಬ್ಬಂದಿಗೆ ಅವರು ನೇರವಾಗಿ ಆದೇಶ ನೀಡದೆ, ಹೇಳಬೇಕಾದದ್ದನ್ನು ಕಾರ್ಯದರ್ಶಿಯ ಮೂಲಕ ಹೇಳಲಿ.

ಅವಧಿ ಎರಡು ವರ್ಷ, ಹೆಚ್ಚೆಂದರೆ ಇನ್ನೊಂದು ಸಲ ಮುಂದುವರಿಕೆ. ಎಲ್ಲರ ಅವಧಿಯೂ ಒಂದೇ ದಿನ ಮುಗಿಯದಂತೆ, ಮೊದಲ ಮಂಡಳಿಯ ಅರ್ಧದಷ್ಟು ಸದಸ್ಯರಿಗೆ ಮೂರು ವರ್ಷ ಕೊಟ್ಟರೆ ಹಳೆಯ ಅನುಭವವೂ ಹೊಸ ದನಿಯೂ ಜೊತೆಯಲ್ಲಿರುತ್ತವೆ. ಅವಧಿ ಮುಗಿಯುವ ಎರಡು ತಿಂಗಳ ಮೊದಲು ಅಧ್ಯಕ್ಷರು ಮತ್ತೆ ಅವರ ಮನೆಗೆ ಹೋಗಿ, ಅವರ ಯಾವ ಯಾವ ಸಲಹೆಯಿಂದ ಏನೇನು ಬದಲಾಯಿತೆಂಬುದನ್ನು ರಿಜಿಸ್ಟರಿನಿಂದಲೇ ಓದಿ ಹೇಳಿ, ಅವರ ಜಾಗಕ್ಕೆ ಯಾರು ತಕ್ಕವರೆಂದು ಕೇಳಿ ಬರಬೇಕು. ಅವಧಿ ಮುಗಿದ ತಿಂಗಳೊಳಗೆ ಕೃತಜ್ಞತಾ ಪತ್ರ ತಲುಪಿಸಿ, ಲೆಟರ್‌ಹೆಡ್, ನಾಮಫಲಕ, ಕರಪತ್ರ ಮತ್ತು ಜಾಲತಾಣಗಳಿಂದ ಅವರ ಹೆಸರನ್ನು ತೆಗೆದು, ಆ ಬದಲಾವಣೆಯನ್ನು ಕಾರ್ಯಕಾರಿ ಸಮಿತಿಯ ಮುಂದಿನ ನಡವಳಿಯಲ್ಲಿ ದಾಖಲಿಸಬೇಕು.