ಓಣಿಯೊಳಗೆ ಹೋಗುವ ಮಿನಿ ಇಟಾಚಿ: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಹಳೇ ಹುಬ್ಬಳ್ಳಿಯ ನಮ್ಮ ಮನೆ ಹಿತ್ತಲಲ್ಲಿ ಸಂಪ್ ತೋಡಿಸಬೇಕಿತ್ತು. ಬಾಡಿಗೆ ಜೆಸಿಬಿ ಬಂದು ಓಣಿ ಬಾಯಿಗೆ ನಿಂತಿತು. ಡ್ರೈವರ್ ಕೆಳಗಿಳಿದು ಎರಡೂ ಕಡೆ ಗೋಡೆ ನೋಡಿದ, ಕೈ ಚಾಚಿ ಅಳತೆ ಹಿಡಿದ. "ಆಗಂಗಿಲ್ರೀ ಸರ, ಗ್ವಾಡಿ ಒಡದ್ರ ಅಷ್ಟ ಒಳಗ ಹೊಕ್ಕೈತಿ" ಎಂದವನೇ ಬಂದುಹೋದ ಬಾಡಿಗೆ ಇಸಿದುಕೊಂಡು ವಾಪಸ್ ಹೊರಟ. ಆಮೇಲೆ ನಾಲ್ಕು ಆಳು, ಹಾರೆ, ಸಲಿಕೆ, ಬುಟ್ಟಿ, ಹನ್ನೊಂದು ದಿನ. ಅಣ್ಣಿಗೇರಿ ಕಡೆ ಹೊಲ ಮಾಡುವ ನಮ್ಮ ಕಾಕಾನ ಮಗ ಇದನ್ನೆಲ್ಲ ನೋಡುತ್ತಿದ್ದವನು "ಅಣ್ಣಾ, ಒಂದ್ ಸಣ್ಣ ಇಟಾಚಿ ತಗೊಂಡ್ ಬಿಡೂಣ ನಡಿ" ಅಂದ. ತಗೊಂಡೆವು. ಆದರೆ ಸರಿಯಾದ ಮಷಿನ್ ಸಿಗುವ ಮುಂಚೆ ಇಪ್ಪತ್ತು ಸಾವಿರ ಕಳೆದುಕೊಂಡೆವು. ಅದು ಹೇಗೆ ಎಂಬುದು ಮುಂದೆ ಬರುತ್ತದೆ.

ಹೆಸರಿನ ಗೊಂದಲ ಮೊದಲೇ ಮುಗಿಸಿಬಿಡೋಣ. ನಮ್ಮ ಕಡೆ ಗಾಲಿ ಇರುವ ಮಣ್ಣಿನ ಮಷಿನ್ ಯಾವ ಕಂಪನಿಯದಾದರೂ ಜೆಸಿಬಿ, ಚೈನ್ ಇದ್ದರೆ ಇಟಾಚಿ. ಟಾಟಾ ಹಿಟಾಚಿ ಕಾರ್ಖಾನೆ ಧಾರವಾಡದಲ್ಲೇ ಇದೆ, ಆ ಹೆಸರು ನಾಲಿಗೆಗೆ ಹತ್ತಿದ್ದು ಹೊಸದೇನಲ್ಲ. ಇಲ್ಲಿ ಹೇಳುತ್ತಿರುವುದು ಒಂದರಿಂದ ಮೂರು ಟನ್ ತೂಗುವ, ರಬ್ಬರ್ ಚೈನ್ ಮೇಲೆ ಓಡಾಡುವ ಸಣ್ಣ ಮಷಿನ್ ಬಗ್ಗೆ.

ಮೊದಲು ಗಂಟೆ ಲೆಕ್ಕ ಹಾಕಿ

ಒಂದು ಹಾಳೆ ತಗೊಂಡು ನಿಮ್ಮ ಕೆಲಸಗಳನ್ನು ಬರೆಯಿರಿ. ಸಂಪ್, ಸೆಪ್ಟಿಕ್ ಟ್ಯಾಂಕ್, ಕಾಂಪೌಂಡ್ ಪಾಯ, ಬೋರ್‌ನಿಂದ ಮನೆಗೆ ಪೈಪ್‌ಲೈನ್, ಗೊಬ್ಬರದ ತಗ್ಗು, ಹೊಲದ ವಡ್ಡು. ಒಂದೊಂದರ ಮುಂದೆ ಎಷ್ಟು ಗಂಟೆ ಹಿಡಿಯಬಹುದು ಎಂದು ಹಾಕಿ. 10 ಅಡಿ ಉದ್ದ, 8 ಅಡಿ ಅಗಲ, 6 ಅಡಿ ಆಳದ ಸಂಪ್ ಅಂದರೆ 480 ಘನ ಅಡಿ. ತೋಡಿದ ಮಣ್ಣು ಉಬ್ಬುತ್ತದೆ, ಮೇಲೆ ಬಂದಾಗ 600 ಘನ ಅಡಿಯ ಹತ್ತಿರ, ಅಂದರೆ ನೂರು ಘನ ಅಡಿಗೊಂದರಂತೆ 6 ಬ್ರಾಸ್. ಎರಡು ಟನ್ ಒಳಗಿನ ಮಷಿನ್ನಿನ ಬಕೆಟ್ ಹಿಡಿಯುವುದು ಸುಮಾರು 40 ಲೀಟರ್, ಎರಡು ದೊಡ್ಡ ಕೊಡದಷ್ಟು. ನಾಲ್ಕು ನೂರಕ್ಕೂ ಹೆಚ್ಚು ಸಲ ಆ ಬಕೆಟ್ ಕೆಳಗೆ ಹೋಗಿ ಮೇಲೆ ಬರಬೇಕು. ಮೆತ್ತನೆ ಮಣ್ಣಾದರೆ ಅರ್ಧ ದಿನ, ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು ಹತ್ತಿದರೆ ಇಡೀ ದಿನ. ಮಣ್ಣು ಹೊರಗೆ ಸಾಗಿಸುವ ಟ್ರ್ಯಾಕ್ಟರ್ ಖರ್ಚು ಬೇರೆ, ಇದನ್ನು ಎಲ್ಲರೂ ಮರೆಯುತ್ತಾರೆ.

ಹೀಗೆ ಕೂಡಿಸುತ್ತಾ ಹೋದರೆ ಒಂದು ಸಾಧಾರಣ ಮನೆಗೆ 40 ಗಂಟೆ ದಾಟುವುದು ಕಷ್ಟ. ಬಾಡಿಗೆ ಗಂಟೆಗೆ 1,200 ಅಂತ ಹಿಡಿದರೂ 48 ಸಾವಿರ ಆಯಿತು. 6 ಲಕ್ಷದ ಮಷಿನ್ ಅಂದರೆ ಅದೇ ಲೆಕ್ಕದಲ್ಲಿ 500 ಗಂಟೆಯ ಬಾಡಿಗೆ, ಡೀಸೆಲ್ಲು ರಿಪೇರಿ ಬಿಟ್ಟು. ಒಂದೇ ಮನೆ, ಒಂದೇ ಸಲದ ಕೆಲಸ ಇದ್ದವರು ಕೊಳ್ಳಲೇಬೇಡಿ, ಓದುವುದನ್ನು ಇಲ್ಲಿಗೇ ಬಿಟ್ಟರೂ ನನಗೆ ಬೇಜಾರಿಲ್ಲ. ಮಿನಿ ಮಷಿನ್ ಕೂಡ ಬಾಡಿಗೆಗೆ ಸಿಗುತ್ತದೆ. ಕೊಳ್ಳುವುದು ಯಾರಿಗೆ ಸರಿ ಅಂದರೆ, ಹೊಲ ಇರುವವರಿಗೆ, ಅಣ್ಣ ತಮ್ಮಂದಿರು ಎರಡು ಮೂರು ಮನೆ ಸೇರಿ ರೊಕ್ಕ ಹಾಕುವವರಿಗೆ, ಇಲ್ಲವೇ ಹಳೆಯದನ್ನು ಸರಿಯಾಗಿ ನೋಡಿ ತಂದು ಎರಡು ವರ್ಷ ದುಡಿಸಿ ಮಾರಿಬಿಡುವ ಧೈರ್ಯ ಇದ್ದವರಿಗೆ.

ಎಷ್ಟು ಟನ್ನಿನದು?

ಒಂದು ಟನ್ನಿನ ಮಷಿನ್ ಮೂರು ಅಡಿ ಗೇಟಿನಲ್ಲಿ ನುಸುಳುತ್ತದೆ, ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಹೋಗಬಹುದು, ಬೆಲೆಯೂ ಕಡಿಮೆ. ಆದರೆ ತೋಡುವ ಆಳ ಐದೂವರೆ ಅಡಿ ಆಸುಪಾಸಿಗೇ ಮುಗಿಯುತ್ತದೆ. ಹುಬ್ಬಳ್ಳಿ, ನವಲಗುಂದ, ನರಗುಂದ, ರೋಣದ ಕಡೆ ಇರುವುದು ಎರೆ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಪಾಯ ಕೂರಿಸಿದರೆ ಗೋಡೆ ಸೀಳುವುದು ಗ್ಯಾರಂಟಿ, ಅದಕ್ಕೇ ಗರಸು ಸಿಗುವವರೆಗೆ ಇಳಿಯಬೇಕು. ಅದು ಒಮ್ಮೊಮ್ಮೆ ಆರು ಅಡಿ, ಏಳು ಅಡಿ ಆಗುತ್ತದೆ. ಅಲ್ಲಿ ಒಂದು ಟನ್ನಿನ ಮಷಿನ್ನಿಗೆ ತಳವೇ ಎಟುಕುವುದಿಲ್ಲ.

ಧಾರವಾಡದ ಕೆಂಪು ಮಣ್ಣಿನ ಹಿತ್ತಲಲ್ಲಿ ಪೈಪ್‌ಲೈನ್ ಎಳೆಯುವುದಷ್ಟೇ ಇದ್ದರೆ ಒಂದು ಟನ್ ಸಾಕು. ಉಳಿದವರಿಗೆ 1.7 ಟನ್ನಿನಿಂದ 2 ಟನ್ನಿನದು ಸರಿ ಎನ್ನುವುದು ನನ್ನ ಅಭಿಪ್ರಾಯ. ಉದಾಹರಣೆಗೆ ಕುಬೋಟಾ ಕಂಪನಿಯ ಯು 17 ಹೆಚ್ಚುಕಡಿಮೆ ಏಳೂವರೆ ಅಡಿ ತೋಡುತ್ತದೆ, ಚೈನ್ ಒಳಗೆ ಎಳೆದುಕೊಂಡರೆ ಅಗಲ 99 ಸೆಂಟಿಮೀಟರ್, ಹೊರಗೆ ಚಾಚಿದರೆ 124. ಓಣಿಯಲ್ಲಿ ಸಣ್ಣಗಾಗಿ ಹೋಗಿ ಕೆಲಸದ ಹೊತ್ತಿಗೆ ಕಾಲು ಅಗಲಿಸಿ ನಿಲ್ಲುವ ಮಷಿನ್! ತಿರುಗುವಾಗ ಹಿಂಭಾಗ ಚೈನ್ ದಾಟಿ ಹೊರಗೆ ಬರದ ಮಾದರಿಯಾದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಹಿತ್ತಲ ಗೋಡೆಗೆ ಬಡಿಯುತ್ತದೆ.

ಹೊಸ ಅಗ್ಗದ್ದಾ, ಹಳೇ ಒಳ್ಳೇದಾ?

ಆನ್‌ಲೈನ್‌ನಲ್ಲಿ ಫಳಫಳ ಹೊಳೆಯುವ ಚೀನಾ ಮಷಿನ್‌ಗಳ ಫೋಟೊ ನೀವೂ ನೋಡಿರುತ್ತೀರಿ. ಹೆಸರಾಂತ ಕಂಪನಿಯ ಹೊಸ ಎರಡು ಟನ್ ಮಷಿನ್ ಹತ್ತು ಲಕ್ಷ ದಾಟಿಯೇ ಶುರುವಾಗುವಾಗ ಇವು ಅದರ ಅರ್ಧಕ್ಕೆ ಸಿಗುತ್ತವೆ ಅಂದರೆ ಮನಸ್ಸು ಹರಿಯುತ್ತದೆ, ತಪ್ಪಲ್ಲ. ಆದರೆ ಹೇಳಿದ ಬೆಲೆಗೆ 18% ಜಿಎಸ್‌ಟಿ ಸೇರಿದೆಯಾ, ಬಂದರಿನಿಂದ ಮನೆಗೆ ತರುವ ಖರ್ಚು ಯಾರದು, ಮೊದಲು ಕೇಳಿ. "ಕುಬೋಟಾ ಎಂಜಿನ್ ಐತ್ರಿ" ಎಂದು ಮಾರುವವರು ಹೇಳುತ್ತಾರೆ. ಎಂಜಿನ್ ಮಾತ್ರ ಅವರದು, ಪಂಪು, ಚೈನ್ ತಿರುಗಿಸುವ ಮೋಟರು, ಸಿಲಿಂಡರು ಯಾರದು? ಹೈಡ್ರಾಲಿಕ್ ಆಯಿಲ್ ತಣ್ಣಗಾಗಿಸುವ ಕೂಲರ್ ಇದೆಯಾ? ತೀರಾ ಅಗ್ಗದ ಒಂದು ಟನ್ ಮಷಿನ್‌ಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಲ್ಲಿ ಒಂದು ತಾಸು ದುಡಿದರೆ ಆಯಿಲ್ ಕಾದು ನೀರಾಗುತ್ತದೆ, ಬೆಳಿಗ್ಗೆ ಗರಸು ಕಿತ್ತ ಮಷಿನ್ ಮಧ್ಯಾಹ್ನ ಮೆತ್ತನೆ ಮಣ್ಣಿಗೂ ಏದುಸಿರು ಬಿಡುತ್ತದೆ.

ನಾನು ನೋಡುವುದು ಒಂದೇ. ಸೀಲ್ ಕಿಟ್ಟು, ಫಿಲ್ಟರು, ರಬ್ಬರ್ ಚೈನು ಹುಬ್ಬಳ್ಳಿಯಲ್ಲಿ ಸಿಗುತ್ತದಾ, ಇಲ್ಲಾ ಎರಡು ದಿನದಲ್ಲಿ ತರಿಸಿಕೊಡುತ್ತಾರಾ? ಮಾತು ಕೊಟ್ಟರೆ ಸಾಲದು. ಮಷಿನ್ ನೋಡುವ ಮುಂಚೆ ಬಿಡಿಭಾಗದ ಅಂಗಡಿಗೆ ಹೋಗಿ ಆ ಮಾದರಿಯ ಹೆಸರು ಹೇಳಿ, ಬೂಮ್ (ಬುಡದ ದೊಡ್ಡ ತೋಳು) ಸಿಲಿಂಡರ್ ಸೀಲ್ ಕಿಟ್ ಬೆಲೆ ಕೇಳಿ. ಅಂಗಡಿಯವನು ತಕ್ಷಣ ರೇಟು ಹೇಳಿದರೆ ಮುಂದುವರಿಯಿರಿ. "ಫೋಟೊ ಕಳಸ್ರಿ, ನೋಡ್ತೀನಿ" ಅಂದರೆ ಅಲ್ಲಿಗೇ ಬಿಡಿ. ಈ ಪರೀಕ್ಷೆಯಲ್ಲಿ ಪಾಸಾಗುವುದು ಹೆಚ್ಚಾಗಿ ಹಳೇ ಕಂಪನಿ ಮಷಿನ್‌ಗಳೇ.

ಹಳೇ ಮಷಿನ್ ನೋಡುವ ಬಗೆ

ಮಾರುವವನಿಗೆ ಹಿಂದಿನ ದಿನವೇ ಫೋನ್ ಮಾಡಿ, ನಾವು ಬರುವತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಸೈಲೆನ್ಸರ್ ಹತ್ತಿರ ಕೈ ತನ್ನಿ, ಮುಟ್ಟಬೇಡಿ, ಬಿಸಿ ಇದ್ದರೆ ಹತ್ತಿರ ತಂದರೇ ಗೊತ್ತಾಗುತ್ತದೆ. ನಾವು ಮೊದಲು ನೋಡಿದ ಮಷಿನ್ ಬೆಳಿಗ್ಗೆ ಎಂಟಕ್ಕೇ ಬೆಚ್ಚಗಿತ್ತು. "ಈಗಷ್ಟ ತೊಳದ್ ಇಟ್ಟೀವ್ರೀ, ಅದಕ್ಕ ಆ ಕಡಿಂದ ಈ ಕಡೆ ತಂದಿದ್ವಿ" ಅಂದರು, ನಂಬಿದೆವು, ಹೊಸ ಹಳದಿ ಬಣ್ಣ ನೋಡಿ ಮರುಳಾಗಿ ಇಪ್ಪತ್ತು ಸಾವಿರ ಮುಂಗಡ ಕೊಟ್ಟೆವು. ಮರುದಿನ ಮಷಿನ್ ರಿಪೇರಿ ಮಾಡುವ ಮಿಸ್ತ್ರಿಯನ್ನು ಕರೆದುಕೊಂಡು ಹೋದಾಗ ನಿಜ ಹೊರಬಿತ್ತು, ಮುಂಗಡ ವಾಪಸ್ ಬರಲಿಲ್ಲ. ಮಿಸ್ತ್ರಿ ಮೊದಲು, ರೊಕ್ಕ ಆಮೇಲೆ. ಅವನ ದಿನದ ಕೂಲಿ ನೀವೇ ಕೊಡಿ, ಮಾರುವವನಿಂದ ಕಮಿಷನ್ ತಗೊಳ್ಳುವ ಮಿಸ್ತ್ರಿ ಬೇಡ.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿರಬಹುದು, ಅದು ಸಣ್ಣ ಖರ್ಚು, ನಾಜಲ್ ಪಂಪ್ ಕೆಟ್ಟಿದ್ದರೆ ದೊಡ್ಡದು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಹೊರಗೆ ನುಗ್ಗಿದರೆ ಪಿಸ್ಟನ್ ರಿಂಗ್ ಹೋಗಿದೆ ಎಂದು ಲೆಕ್ಕ.

ಆಮೇಲಿನದು ನಮ್ಮ ಮಿಸ್ತ್ರಿ ಮಾಡಿದ ಕೆಲಸ, ನನಗೆ ಬಹಳ ಹಿಡಿಸಿತು. ಬೂಮ್ ಪೂರ್ತಿ ಮೇಲೆತ್ತಿಸಿ ಎಂಜಿನ್ ಬಂದ್ ಮಾಡಿಸಿದ. ಜೇಬಿನಿಂದ ತಂಬಾಕಿನ ಸುಣ್ಣದ ಡಬ್ಬಿ ತೆಗೆದು, ಸಿಲಿಂಡರಿನ ಹೊಳೆಯುವ ರಾಡ್ ಒಳಗೆ ಹೋಗುವ ಜಾಗದಲ್ಲಿ ಉಗುರಿನಿಂದ ಒಂದು ಬಿಳಿ ಗೆರೆ ಎಳೆದ. "ಈಗ ಚಾ ಕುಡದ್ ಬರೂಣ್ರಿ" ಅಂದ. ಹತ್ತು ನಿಮಿಷ ಬಿಟ್ಟು ಬಂದರೆ ಗೆರೆ ಕಾಣಲಿಲ್ಲ, ರಾಡ್ ಅದನ್ನೂ ನುಂಗಿ ಎರಡು ಬೆರಳು ಒಳಗೆ ಸರಿದಿತ್ತು. ಸೀಲ್ ಸೋರುತ್ತಿದೆ, ಇಲ್ಲಾ ವಾಲ್ವ್ ಹಿಡಿಯುತ್ತಿಲ್ಲ. ಕೂದಲೆಳೆಯಷ್ಟು ಇಳಿದರೆ ಪರವಾಗಿಲ್ಲ, ಕಣ್ಣಿಗೆ ಹೊಡೆಯುವಷ್ಟು ಇಳಿಯಬಾರದು. ರಾಡ್ ಮೇಲೆ ಉಗುರು ಸಿಕ್ಕುವಂಥ ಗೀರು ಇದ್ದರೂ ಹೊಸ ಸೀಲ್ ಬೇಗ ಹರಿಯುತ್ತದೆ. ಮೇಲೆತ್ತಿದ ಬೂಮ್ ಕೆಳಗೆ ಮಾತ್ರ ಯಾರೂ ನಿಲ್ಲಬೇಡಿ.

ಇನ್ನು ತಿರುಗುವ ಬೇರಿಂಗ್. ಬಕೆಟ್ ನೆಲಕ್ಕೆ ಊರಿ ಮಷಿನ್ನಿನ ಮುಂಭಾಗ ಸ್ವಲ್ಪ ಏಳುವಂತೆ ಒತ್ತಿಸಿ, ತಿರುಗುವ ಮೇಲ್ಭಾಗ ಮತ್ತು ಚೈನ್ ಇರುವ ಕೆಳಗಿನ ಚೌಕಟ್ಟಿನ ನಡುವಿನ ಸಂದು ನೋಡುತ್ತಿರಿ. ಎತ್ತಿ ಇಳಿಸುವಾಗ ಕಟಕ್ ಎಂದು ಸಂದು ಅಗಲವಾದರೆ ಬೇರಿಂಗ್ ಸವೆದಿದೆ. ನಮ್ಮ ಇಪ್ಪತ್ತು ಸಾವಿರ ನುಂಗಿದ ಮಷಿನ್ನಿನಲ್ಲಿ ಅದನ್ನು ಮುಷ್ಟಿಗಟ್ಟಲೆ ಗ್ರೀಸ್ ತುಂಬಿ ಮುಚ್ಚಿದ್ದರು. ಇದರ ರಿಪೇರಿಗೆ ಇಡೀ ಮೇಲ್ಭಾಗ ಬಿಚ್ಚಬೇಕು, ಚೌಕಾಶಿ ಮಾಡಲು ಹೋಗಬೇಡಿ, ಎದ್ದು ಬಂದುಬಿಡಿ. ಬಕೆಟ್ ಹಿಡಿದು ಅಲ್ಲಾಡಿಸಿದರೆ ಪಿನ್ ಬುಶ್ ಲಟಲಟ ಅನ್ನುವುದು ಹಾಗಲ್ಲ, ಅದನ್ನು ಲೇತ್ ಅಂಗಡಿಯಲ್ಲಿ ಮಾಡಿಸಬಹುದು, ಬೆಲೆ ಇಳಿಸಲು ಒಳ್ಳೇ ನೆಪ.

ರಬ್ಬರ್ ಚೈನಿನಲ್ಲಿ ಒಳಗಿನ ತಂತಿ ಹೊರಗೆ ಇಣುಕಿದರೆ ಹೊಸ ಜೋಡಿಯ ಬೆಲೆ ವ್ಯವಹಾರದಲ್ಲಿ ಕಳೆಯಿರಿ. ಹಲ್ಲು ಚಕ್ರದ ಹಲ್ಲು ಮೊಂಡಾಗಿರಬೇಕು, ಗರಗಸದಂತೆ ಚೂಪಾಗಿದ್ದರೆ ಸವೆದಿದೆ. ಸಪಾಟು ಜಾಗದಲ್ಲಿ ಮೂವತ್ತು ಅಡಿ ನೇರ ಓಡಿಸಿ, ಎರಡೂ ಲಿವರ್ ಪೂರ್ತಿ ಒತ್ತಿದ್ದರೂ ಒಂದು ಕಡೆ ಎಳೆದರೆ ಆ ಬದಿಯ ಮೋಟರ್ ಸುಸ್ತಾಗಿದೆ. ಬ್ರೇಕರ್ ಹಾಕಿ ಕಲ್ಲು ಒಡೆದ ಮಷಿನ್ ಆದರೆ ಬೂಮಿನ ಬೆಸುಗೆ ಹತ್ತಿರ ಬಿರುಕು ಹುಡುಕಿ. ಆ ಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಎಂದು ಕೇಳಿ. ಓಡಿದ ಗಂಟೆ ಎಣಿಸುವ ಅವರ್ ಮೀಟರ್ 1,800 ತೋರಿಸುತ್ತಿದ್ದು ಕಾಲಿಡುವ ಪೆಡಲ್ ರಬ್ಬರ್ ಪೂರ್ತಿ ಸವೆದಿದ್ದರೆ ಪೆಡಲ್ಲನ್ನು ನಂಬಿ, ಮೀಟರ್ ಬೇಡ. ಕೊನೆಗೆ ಕಡಿಮೆ ಅಂದರೂ ಒಂದು ತಾಸು ನಿಜವಾದ ಮಣ್ಣು ತೋಡಿಸಿ, ಬಿಸಿಯಾದ ಮೇಲೆ ಶಕ್ತಿ ಕುಗ್ಗುತ್ತದಾ ನೋಡಿ. ಡೀಸೆಲ್ ನಾನು ಹಾಕುತ್ತೇನೆ ಅನ್ನಿ, ಅದಕ್ಕೂ ಒಪ್ಪದವನ ಹತ್ತಿರ ವ್ಯವಹಾರ ಯಾಕೆ?

ಕಾಗದಪತ್ರ

ಚೈನ್ ಮಷಿನ್ನಿಗೆ ಸಾಮಾನ್ಯವಾಗಿ ಗಾಡಿಗಳ ಹಾಗೆ ಆರ್‌ಸಿ ಇರುವುದಿಲ್ಲ, ಆದ್ದರಿಂದ ಮೂಲ ಇನ್‌ವಾಯ್ಸೇ ನಿಮ್ಮ ಆಧಾರ. ಅದರಲ್ಲಿನ ಮಷಿನ್ ನಂಬರ್, ಎಂಜಿನ್ ನಂಬರ್ ಎರಡನ್ನೂ ತಗಡಿನ ಪಟ್ಟಿಯೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿ. ಸಾಲದ ಮೇಲೆ ತಂದದ್ದಾದರೆ ಸಾಲ ತೀರಿದೆ ಎನ್ನುವ ಫೈನಾನ್ಸ್‌ನವರ ಎನ್‌ಒಸಿ ಕೈಗೆ ಬರದೆ ಪೂರ್ತಿ ರೊಕ್ಕ ಕೊಡಬೇಡಿ. ಕೊಡುವುದನ್ನು ಬ್ಯಾಂಕ್ ಮೂಲಕವೇ ಕೊಡಿ.

ಮನೆಗೆ ತಂದ ಮೇಲೆ

ಹಿಂದಿನವರು ಏನು ಹೇಳಿದರೂ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್ ಬದಲಾಯಿಸಿ, ಆವತ್ತಿನ ಮೀಟರ್ ಬರೆದಿಡಿ. ಹೈಡ್ರಾಲಿಕ್ ಆಯಿಲ್ ಕಂಪನಿ ಹೇಳಿದ ಗ್ರೇಡೇ ಇರಲಿ, 46 ಹಾಕಬೇಕಾದಲ್ಲಿ ಸಿಕ್ಕಿದ್ದು ಸುರಿಯಬೇಡಿ. ಗ್ರೀಸ್ ದಿನಾ ಬೆಳಿಗ್ಗೆ. ಎರೆ ಮಣ್ಣಲ್ಲಿ ದುಡಿದ ದಿನ ಸಂಜೆಯೇ ಚೈನಿನ ಸಂದಿಯ ಮಣ್ಣು ಕಿತ್ತು ತೆಗೆಯಿರಿ. ಬಿಟ್ಟರೆ ಮರುದಿನಕ್ಕೆ ಅದು ಇಟ್ಟಿಗೆಯಂತಾಗಿ ಚೈನ್ ಹಳಿ ತಪ್ಪುತ್ತದೆ, ಮತ್ತೆ ಕೂರಿಸಲು ಇಬ್ಬರಿಗೆ ಅರ್ಧ ದಿನ. ಹೋಸ್ ಒಡೆದರೆ ಗಾಬರಿ ಬೇಡ, ಹಳೇದನ್ನು ಬಿಚ್ಚಿ ಹುಬ್ಬಳ್ಳಿಗೆ ಒಯ್ದರೆ ಅದೇ ಅಳತೆಗೆ ಹೊಸದು ಕತ್ತರಿಸಿ ಒತ್ತಿಕೊಡುತ್ತಾರೆ. ಸೋರುವ ಜಾಗ ಹುಡುಕಲು ಬರಿಗೈ ಇಡಬೇಡಿ, ಸೂಜಿಯಂತೆ ಚಿಮ್ಮುವ ಆಯಿಲ್ ಚರ್ಮದೊಳಗೆ ಹೋಗುತ್ತದೆ. ರಟ್ಟು ಹಿಡಿದು ನೋಡಿ.

ಊರೊಳಗೆ ತೋಡುವ ಮುಂಚೆ ನೀರಿನ ಪೈಪು, ಹೆಸ್ಕಾಂನ ಕರೆಂಟ್ ಕೇಬಲ್ಲು, ಈಗ ಕೆಲವು ಬಡಾವಣೆಗಳಲ್ಲಿ ಗ್ಯಾಸ್ ಪೈಪೂ ಇದೆ, ಎಲ್ಲಿ ಹೋಗಿವೆ ಎಂದು ಕೇಳಿ ತಿಳಿಯಿರಿ. ಅನುಮಾನ ಇದ್ದ ಕಡೆ ಸಲಿಕೆಯಿಂದಲೇ ತೆರೆಯಿರಿ. ಮಣ್ಣಿನ ಗುಡ್ಡೆಯನ್ನು ತಗ್ಗಿನ ದಂಡೆಗೆ ಹಾಕಬೇಡಿ, ಎರಡು ಮೂರು ಅಡಿ ಆಚೆ ಇರಲಿ. ಐದು ಅಡಿ ಮೀರಿದ ತಗ್ಗಿನಲ್ಲಿ ಆಸರೆ ಕೊಡದೆ, ಇಲ್ಲಾ ದಂಡೆ ಇಳಿಜಾರು ಮಾಡದೆ ಯಾರನ್ನೂ ಇಳಿಸಬೇಡಿ. ಮಳೆ ಬಿದ್ದ ಎರೆ ಗೋಡೆ ಸದ್ದಿಲ್ಲದೆ ಕುಸಿಯುತ್ತದೆ.

ಓಡಿಸಲು ಜೆಸಿಬಿ ಡ್ರೈವರನ್ನು ಕರೆದರೆ ಮೊದಲ ದಿನ ಅವನಿಗೂ ಕಷ್ಟ, ಲಿವರ್ ಕೆಲಸ ಎಲ್ಲ ಮಷಿನ್ನಿಗೂ ಒಂದೇ ತರಹ ಇರುವುದಿಲ್ಲ. ಒಂದರಲ್ಲಿ ಬಲಗೈ ಲಿವರ್ ಹಿಂದಕ್ಕೆ ಎಳೆದರೆ ಬೂಮ್ ಏಳುತ್ತದೆ, ಇನ್ನೊಂದರಲ್ಲಿ ಎಡಗೈಯದು. ನಮ್ಮ ಮಷಿನ್ ಬಂದಾಗ ಕರೆಸಿದವನು ಹದಿನೈದು ವರ್ಷ ಜೆಸಿಬಿ ನಡೆಸಿದವ, ಮೊದಲ ಅರ್ಧ ತಾಸಿನಲ್ಲೇ ಬೂಮ್ ಇಳಿಸಲು ಹೋಗಿ ಮುಂದಿನ ತೋಳು ಚಾಚಿ ನಮ್ಮ ನಿಂಬೆ ಗಿಡ ಕಿತ್ತ. "ಕೈಗೆ ಚಟ ಆಗೇತ್ರಿ, ಏನ್ ಮಾಡೂದು" ಅಂತ ನಕ್ಕ. ಆಮೇಲೆ ಎರಡು ದಿನ ಅಣ್ಣಿಗೇರಿ ಹೊಲದಲ್ಲಿ ತಗ್ಗು ತೋಡುವುದು, ಮುಚ್ಚುವುದು, ಅದೇ ಮಾಡಿಸಿದೆವು. ಮೂರನೇ ದಿನ ಓಣಿಯೊಳಗೆ ತಂದೆವು, ಎರಡೂ ಕಡೆ ಗೋಡೆಗೆ ಒಂದು ಗೀರೂ ಬೀಳಲಿಲ್ಲ.