ಹುಟ್ಟಿದ ದಿನಾಂಕಕ್ಕೆ ಉರುಳುವ ಡೇಟ್ ಪಿಕರ್: ಫ್ಲಟರ್‌ನಲ್ಲಿ ಕಟ್ಟುವ ಕ್ರಮ

ಜಯನಗರದ ಕ್ಲಿನಿಕ್ ಒಂದಕ್ಕೆ ರೋಗಿಗಳ ನೋಂದಣಿ ಆ್ಯಪ್ ಬರೆಯುತ್ತಿದ್ದಾಗ, ಹುಟ್ಟಿದ ದಿನಾಂಕ ಕೇಳುವ ಜಾಗದಲ್ಲಿ ನಾನು ಮೊದಲು ಇಟ್ಟಿದ್ದು ತಿಂಗಳ ಕ್ಯಾಲೆಂಡರನ್ನು. ಕೌಂಟರಿನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಹಿಂದಿನ ತಿಂಗಳ ಬಾಣವನ್ನು ಒಂದೊಂದೇ ಸಲ ಒತ್ತುತ್ತಾ, ಎರಡು ವರ್ಷ ಹಿಂದಕ್ಕೆ ಹೋಗುವಷ್ಟರಲ್ಲಿ ಫೋನನ್ನು ಮೊಮ್ಮಗನ ಕೈಗೆ ಕೊಟ್ಟುಬಿಟ್ಟರು. ಅರವತ್ತು ವರ್ಷ ಹಿಂದಕ್ಕೆ ಹೋಗಲು ಆ ಬಾಣವನ್ನು 720 ಸಲ ಒತ್ತಬೇಕು. ಮೇಲಿರುವ ಶೀರ್ಷಿಕೆಯನ್ನು ಮುಟ್ಟಿದರೆ ವರ್ಷಗಳ ಪಟ್ಟಿ ತೆರೆಯುತ್ತದೆ ಎಂಬುದು ಯಾರಾದರೂ ಹೇಳಿಕೊಡದೆ ಅವರಿಗೆ ತಿಳಿಯುವಂತಿರಲಿಲ್ಲ. ಮುಂದಿನ ವಾರದ ಭೇಟಿಯ ದಿನವನ್ನು ಗೊತ್ತುಮಾಡಲು ಕ್ಯಾಲೆಂಡರೇ ಒಳ್ಳೆಯದು, ಏಕೆಂದರೆ ಅಲ್ಲಿ ಯಾವ ವಾರ ಎಂಬುದು ಕಣ್ಣಿಗೆ ಬೀಳಬೇಕು. ಹುಟ್ಟಿದ ದಿನಾಂಕಕ್ಕಾದರೆ ದಿನ, ತಿಂಗಳು, ವರ್ಷ ಎಂಬ ಮೂರು ಚಕ್ರಗಳನ್ನು ಬೆರಳಿನಿಂದ ಉರುಳಿಸುವ ಪಿಕರ್ ಹೆಚ್ಚು ಒಗ್ಗುತ್ತದೆ.

ಆ್ಯಪ್ ಕಟ್ಟುವ ಗೂಗಲ್‌ನ ಸಾಧನವಾದ ಫ್ಲಟರ್‌ನಲ್ಲಿ ಐಫೋನ್ ಶೈಲಿಯ ಕುಪರ್ಟಿನೊ ಡೇಟ್ ಪಿಕರ್ ಸಿದ್ಧವಾಗಿಯೇ ಸಿಗುತ್ತದೆ, ಅದು ಸಾಕಾದರೆ ಅದನ್ನೇ ಬಳಸಬಹುದು. ನೋಟವೂ ನಡವಳಿಕೆಯೂ ಪೂರ್ತಿ ನಮ್ಮ ಹಿಡಿತದಲ್ಲಿರಬೇಕೆಂದರೆ ಲಿಸ್ಟ್‌ವೀಲ್‌ಸ್ಕ್ರಾಲ್‌ವ್ಯೂ ಎಂಬ ವಿಜೆಟ್‌ನಿಂದ, ಅಂದರೆ ಪರದೆಯ ಘಟಕದಿಂದ, ಆರಂಭಿಸಬೇಕು. ಒಂದು ರೋ ಒಳಗೆ ಇಂಥ ಮೂರು ವಿಜೆಟ್‌ಗಳನ್ನು ಅಕ್ಕಪಕ್ಕ ಇಟ್ಟು, ಪ್ರತಿಯೊಂದಕ್ಕೂ ಚಕ್ರದ ಸ್ಥಾನವನ್ನು ನೋಡಿಕೊಳ್ಳುವ ತನ್ನದೇ ಆದ ಫಿಕ್ಸೆಡ್‌ಎಕ್ಸ್‌ಟೆಂಟ್‌ಸ್ಕ್ರಾಲ್‌ಕಂಟ್ರೋಲರ್ ಕೊಟ್ಟು, ಚಕ್ರ ಉರುಳಿ ನಿಲ್ಲುವ ರೀತಿಯನ್ನು ಹೇಳುವ ಫಿಸಿಕ್ಸ್ ಜಾಗದಲ್ಲಿ ಫಿಕ್ಸೆಡ್‌ಎಕ್ಸ್‌ಟೆಂಟ್‌ಸ್ಕ್ರಾಲ್‌ಫಿಸಿಕ್ಸ್ ಹಾಕಬೇಕು. ಇದನ್ನು ಮರೆತರೆ ಚಕ್ರವು ಎರಡು ಸಾಲುಗಳ ನಡುವೆ ಎಲ್ಲಿ ಬೇಕೆಂದರಲ್ಲಿ ನಿಲ್ಲುತ್ತದೆ. ಪುಟ ಮುಚ್ಚುವಾಗ ಮೂರೂ ಕಂಟ್ರೋಲರ್‌ಗಳನ್ನು ಡಿಸ್ಪೋಸ್ ಮಾಡಿ, ಅಂದರೆ ಮೆಮೊರಿಯಿಂದ ಬಿಡಿಸಿ, ಮುಗಿಸಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ದಿನಾಂಕವು ಚಕ್ರಗಳಲ್ಲಿ ಹಂಚಿಹೋಗದೆ ಒಂದೇ ಕಡೆ, ಆ್ಯಪ್ ನೆನಪಿಟ್ಟುಕೊಳ್ಳುವ ಮಾಹಿತಿಯಾದ ನಮ್ಮ ಸ್ಟೇಟ್‌ನಲ್ಲಿ ಇರಬೇಕು. ಚಕ್ರಗಳು ಅದನ್ನು ತೋರಿಸಬೇಕು, ಬದಲಿಸಲು ಕೇಳಿಕೊಳ್ಳಬೇಕು, ಅಷ್ಟೆ. ನಾನು ಮೊದಲ ಸಲ ಮೂರು ಚಕ್ರಗಳ ಸ್ಥಾನವನ್ನೇ ಓದಿ ದಿನಾಂಕ ಕಟ್ಟಿದ್ದೆ. ಫ್ಲಟರ್ ಬಳಸುವ ಡಾರ್ಟ್ ಭಾಷೆಯ ಡೇಟ್‌ಟೈಮ್‌ಗೆ 2024ರ ಫೆಬ್ರವರಿ 31 ಎಂದು ಕೊಟ್ಟರೆ ಅದು ತಪ್ಪೆಂದು ಹೇಳುವುದಿಲ್ಲ, ಸದ್ದಿಲ್ಲದೆ ಮಾರ್ಚ್ 2 ಎಂದು ಮಾಡಿಕೊಳ್ಳುತ್ತದೆ. ಇದನ್ನು ತಡೆಯಲು ಫೆಬ್ರವರಿ ಬಂದ ಕೂಡಲೇ ದಿನವನ್ನು 28ಕ್ಕೆ ಇಳಿಸುವ ಸಾಲೊಂದನ್ನು ಸೇರಿಸಿದೆ. ಅದರಿಂದ ಇನ್ನೂ ಕೆಟ್ಟದ್ದಾಯಿತು. ಮಾರ್ಚ್ 31ರಂದು ಹುಟ್ಟಿದವರು ಮೊದಲು ದಿನದ ಚಕ್ರದಲ್ಲಿ 31 ಇಟ್ಟು, ಆಮೇಲೆ ತಿಂಗಳನ್ನು ಜನವರಿಯಿಂದ ಮಾರ್ಚಿಗೆ ಉರುಳಿಸುತ್ತಾರೆ. ದಾರಿಯಲ್ಲಿ ಫೆಬ್ರವರಿ ಅರೆಕ್ಷಣ ನಡುವೆ ಹಾದುಹೋದಾಗ ದಿನ 28 ಆಗಿ, ಅಲ್ಲೇ ಉಳಿಯುತ್ತದೆ. ಒಬ್ಬರ ಆಧಾರ್ ಕಾರ್ಡಿನಲ್ಲಿ 31-03 ಎಂದಿದ್ದು ನಮ್ಮ ದಾಖಲೆಯಲ್ಲಿ 28-03 ಎಂದಿರುವುದನ್ನು ಕೌಂಟರಿನವರು ತೋರಿಸಿದ ಮೇಲೆಯೇ ನನಗೆ ಇದು ಗೊತ್ತಾದದ್ದು.

ಇದಕ್ಕೆ ಕಾರಣ, ಆನ್‌ಸೆಲೆಕ್ಟೆಡ್‌ಐಟಂಚೇಂಜ್ಡ್ ಎಂಬ ಕಾಲ್‌ಬ್ಯಾಕ್, ಅಂದರೆ ಆಯ್ಕೆ ಬದಲಾದಾಗ ಫ್ಲಟರ್ ನಮ್ಮ ಕೋಡಿಗೆ ಕೊಡುವ ಕರೆ, ಚಕ್ರ ನಿಂತಾಗ ಮಾತ್ರವಲ್ಲದೆ, ನಡುವನ್ನು ಹಾದುಹೋಗುವ ಪ್ರತಿಯೊಂದು ಸಾಲಿಗೂ ಬರುತ್ತದೆ. ಆದ್ದರಿಂದ ಆ ಕಾಲ್‌ಬ್ಯಾಕ್‌ನಲ್ಲಿ ಬಣ್ಣ ಬದಲಿಸುವುದು, ಫೋನನ್ನು ಹಗುರವಾಗಿ ಮಿಡಿಸುವುದು ಮುಂತಾದ ಮೇಲ್ಮೈ ಕೆಲಸಗಳನ್ನಷ್ಟೇ ಮಾಡಿ, ತಿದ್ದುಪಡಿಯನ್ನು ಚಕ್ರ ನಿಂತಿತೆಂದು ತಿಳಿಸುವ ಸ್ಕ್ರಾಲ್‌ಎಂಡ್‌ನೋಟಿಫಿಕೇಶನ್ ಬಂದ ಮೇಲೆ ಮಾಡಬೇಕು. ಜೊತೆಗೆ 'ಬಯಸಿದ ದಿನ' ಎಂಬ ಪ್ರತ್ಯೇಕ ಮೌಲ್ಯವೊಂದನ್ನು ಇಟ್ಟುಕೊಂಡು, ಬಳಕೆದಾರರು ದಿನದ ಚಕ್ರವನ್ನು ತಾವೇ ಮುಟ್ಟಿದಾಗ ಮಾತ್ರ ಅದನ್ನು ಬದಲಿಸಬೇಕು. ಫೆಬ್ರವರಿಯಲ್ಲಿ ನಿಂತರೆ ಚಕ್ರ 28ಕ್ಕೋ 29ಕ್ಕೋ ಮೆಲ್ಲನೆ ಹಿಂದಕ್ಕೆ ಉರುಳಲಿ. ಅಲ್ಲಿಂದ ಮಾರ್ಚಿಗೆ ಹೋದರೆ ಮತ್ತೆ 31ಕ್ಕೆ ಬರಲಿ. ನಾವೇ ಪ್ರೋಗ್ರಾಂನಿಂದ ಚಕ್ರವನ್ನು ಉರುಳಿಸಿದಾಗಲೂ ಅದೇ ಕಾಲ್‌ಬ್ಯಾಕ್ ಬರುವುದರಿಂದ, ಆ ಹೊತ್ತಿನಲ್ಲಿ ಒಂದು ಗುರುತು ಹಾಕಿಕೊಂಡು ಬಯಸಿದ ದಿನವನ್ನು ಕಾಪಾಡಬೇಕು.

ದಿನದ ಚಕ್ರದಲ್ಲಿ ಯಾವಾಗಲೂ 31 ಸಾಲುಗಳೇ ಇರಲಿ, ಆ ತಿಂಗಳಿಗೆ ಸಲ್ಲದವು ಮಸುಕಾಗಿ ಕಾಣಲಿ. ಸಾಲುಗಳನ್ನು ತೆಗೆದುಹಾಕಿದರೆ ಹೆಬ್ಬೆರಳಿನ ಕೆಳಗೇ ಚಕ್ರ ಜಿಗಿಯುತ್ತದೆ. ತಿಂಗಳ ಕೊನೆಯ ದಿನವನ್ನು ತಿಳಿಯಲು ಮುಂದಿನ ತಿಂಗಳ 0ನೇ ದಿನವನ್ನು ಡೇಟ್‌ಟೈಮ್‌ಗೆ ಕೇಳಿದರೆ ಸಾಕು. 1900 ಅಧಿಕ ವರ್ಷವಲ್ಲ, 2000 ಹೌದು ಎಂಬ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ದಿನ ಮತ್ತು ತಿಂಗಳ ಚಕ್ರಗಳು ಕೊನೆಯಿಲ್ಲದೆ ಸುತ್ತಬೇಕೆಂದರೆ ಲೂಪಿಂಗ್‌ಲಿಸ್ಟ್ ಡೆಲಿಗೇಟ್ ಇದೆ. ಅದರಲ್ಲಿ ದಿನದ ಚಕ್ರದ ಕಾಲ್‌ಬ್ಯಾಕ್‌ಗೆ ಬರುವ ಸಂಖ್ಯೆ 0ಯಿಂದ 30ರೊಳಗೇ ಇರುತ್ತದೆ, ಆದರೆ ಕಂಟ್ರೋಲರ್‌ನಿಂದ ನೇರವಾಗಿ ಓದಿದ ಸಂಖ್ಯೆ ಋಣವೂ ಆಗಿರಬಹುದು, 31ನ್ನು ಮೀರಿಯೂ ಇರಬಹುದು. ಹಿಂದಕ್ಕೆ ಉರುಳಿಸುವಾಗ ಆ ಸಂಖ್ಯೆಯಿಂದಲೇ ವ್ಯತ್ಯಾಸವನ್ನು ಕಳೆಯಬೇಕು. ವರ್ಷದ ಚಕ್ರ ಸುತ್ತಬಾರದು.

ಕನ್ನಡದ ಸಾಲಿಗೆ ಇಂಗ್ಲಿಷಿನ ಎತ್ತರ ಸಾಲದು. 'ಜೂನ್' ಎಂಬುದು 32ರ ಎತ್ತರದಲ್ಲಿ ಚೆನ್ನಾಗಿಯೇ ಕೂರುತ್ತದೆ, ಆದರೆ ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡವರ ಪರದೆಯಲ್ಲಿ 'ಸೆಪ್ಟೆಂಬರ್' ಮತ್ತು 'ಅಕ್ಟೋಬರ್' ಪದಗಳ ಟ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒತ್ತಕ್ಷರವಿಲ್ಲದ ಭಾಷೆಯಲ್ಲಿ ಪರೀಕ್ಷಿಸುವವರಿಗೆ ಈ ದೋಷ ಎಂದೂ ಕಾಣುವುದಿಲ್ಲ. ಐಟಂ‌ಎಕ್ಸ್‌ಟೆಂಟನ್ನು ಅಂದರೆ ಸಾಲಿನ ಎತ್ತರವನ್ನು 48 ಎಂದು ಇಟ್ಟು, ಅದನ್ನು ಫೋನಿನ ಅಕ್ಷರದ ಅಳತೆ ಹೇಳುವ ಟೆಕ್ಸ್ಟ್‌ಸ್ಕೇಲರ್‌ಗೆ ತಕ್ಕಂತೆ ಹಿಗ್ಗಿಸಿ, ತಿಂಗಳ ಚಕ್ರಕ್ಕೆ ಉಳಿದೆರಡಕ್ಕಿಂತ ಹೆಚ್ಚು ಅಗಲ ಕೊಡಿ. ಮೊದಲು 'ಸೆಪ್ಟೆಂಬರ್' ಎಂಬ ಸಾಲನ್ನೇ ನಡುವಿನಲ್ಲಿ ನಿಲ್ಲಿಸಿ ನೋಡಿ.

ಪಿಕರನ್ನು ಕೆಳಗಿನಿಂದ ಏಳುವ ಬಾಟಮ್ ಶೀಟ್‌ನಲ್ಲಿ ತೆರೆಯುವುದಾದರೆ ಶೀಟಿನ ಎಳೆತವನ್ನು ನಿಲ್ಲಿಸಬೇಕು. ಇಲ್ಲವಾದರೆ ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ವರ್ಷ ಉರುಳಿಸುವವರಿಗೆ, ಬೆರಳು ಚಕ್ರದಿಂದ ಸ್ವಲ್ಪ ಜಾರಿದರೂ ಶೀಟೇ ಮುಚ್ಚಿಹೋಗುತ್ತದೆ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರಿಗಾಗಿ ಪ್ರತಿ ಚಕ್ರವನ್ನೂ ಅದು ಓದಬಲ್ಲ ಒಂದೇ ಸೆಮ್ಯಾಂಟಿಕ್ಸ್ ಘಟಕವಾಗಿ ಮಾಡಿ, ಈಗಿನ ಮೌಲ್ಯವನ್ನೂ ಹೆಚ್ಚಿಸುವ ಹಾಗೂ ತಗ್ಗಿಸುವ ಕ್ರಿಯೆಗಳನ್ನೂ ಕೊಡಬೇಕು.

ಉಳಿಸುವಾಗ 1956-02-29 ಎಂಬಂತೆ ವರ್ಷ-ತಿಂಗಳು-ದಿನದ ಪಠ್ಯವನ್ನೇ ಉಳಿಸಿ. ಸಮಯವನ್ನೂ ಸೇರಿಸಿ ವಿಶ್ವ ಕಾಲಮಾನವಾದ ಯುಟಿಸಿಗೆ ಬದಲಿಸಿದರೆ ಭಾರತೀಯ ಕಾಲಮಾನದ ಮಧ್ಯರಾತ್ರಿ ಹಿಂದಿನ ದಿನದ 18:30 ಆಗುತ್ತದೆ, ಸರ್ವರ್‌ನಲ್ಲಿ ಎಲ್ಲರೂ ಒಂದು ದಿನ ಮೊದಲೇ ಹುಟ್ಟಿರುತ್ತಾರೆ.

ಚಕ್ರ ತೆರೆದಾಗ ಇಂದಿನ ದಿನಾಂಕ ತೋರಿಸಬೇಡಿ. 1980ರ ಆಸುಪಾಸಿನಲ್ಲಿ ನಿಂತರೆ ಹಿರಿಯರಿಗೂ ಕಿರಿಯರಿಗೂ ದೂರ ಕಡಿಮೆ. ಆದರೆ ವರ್ಷದ ಚಕ್ರವನ್ನು ಮುಟ್ಟುವವರೆಗೆ 'ಸರಿ' ಗುಂಡಿ ಮಸುಕಾಗಿಯೇ ಇರಲಿ, ಇಲ್ಲವಾದರೆ ನಾವು ಇಟ್ಟ ಆರಂಭದ ದಿನವೇ ಅವರ ಜನ್ಮದಿನವಾಗಿ ದಾಖಲಾಗುತ್ತದೆ. ಹಿರಿಯರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ವರ್ಷವಷ್ಟೇ ಗೊತ್ತು, ಕೆಲವರ ಆಧಾರ್ ಕಾರ್ಡಿನಲ್ಲೂ ಅಷ್ಟೇ ಮುದ್ರಿತವಾಗಿದೆ. ಅವರಿಗಾಗಿ ಚಕ್ರಗಳ ಕೆಳಗೆ 'ವರ್ಷ ಮಾತ್ರ ಗೊತ್ತು' ಎಂಬ ಗುಂಡಿಯೊಂದಿರಲಿ. ಅದನ್ನು ಒತ್ತಿದಾಗ ದಿನ ಮತ್ತು ತಿಂಗಳ ಚಕ್ರಗಳು ಮರೆಯಾಗಿ, ಜನವರಿ 1 ಎಂದು ನಾವಾಗಿ ತುಂಬದೆ, ವರ್ಷವೊಂದೇ ದಾಖಲೆಗೆ ಹೋಗಲಿ.