ಧಾರವಾಡದ ಮೇಲಿನ ಗಾಳಿ: ಸರಾಸರಿ ತಾಪಮಾನವನ್ನು ನಾನು ಲೆಕ್ಕ ಹಾಕುವ ಬಗೆ

ಎತ್ತರ ಏರಿದಂತೆ ಗಾಳಿಯ ತಾಪಮಾನ ಎಷ್ಟೆಂದು ಹೇಳುವ ಪ್ರಮಾಣಿತ ವಾತಾವರಣದ ಪಟ್ಟಿ ಎಲ್ಲರಿಗೂ ಗೊತ್ತು: ಸಮುದ್ರಮಟ್ಟದಲ್ಲಿ 15 ಡಿಗ್ರಿ, ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ, 11 ಕಿ.ಮೀ.ಗೆ ಮೈನಸ್ 56.5. ಅದು ಮಧ್ಯ ಅಕ್ಷಾಂಶದ ಲೆಕ್ಕ. ನಮ್ಮ ಕಡೆ ಇಳಿಕೆ 16-17 ಕಿ.ಮೀ.ವರೆಗೂ ನಡೆದು ಮೈನಸ್ 75ನ್ನೂ ದಾಟುತ್ತದೆ. ಆದ್ದರಿಂದ ಹವಾಮಾನ ಬಲೂನು ಮೇಲೇರುತ್ತಾ ಅಳೆದ ಅಂಕಿಗಳಿಂದಲೇ ಶುರು ಮಾಡುತ್ತೇನೆ.

ಹತ್ತಿರದ ಬಲೂನು ಕೇಂದ್ರ ಪಣಜಿ. ಆದರೆ ಅದು ಘಟ್ಟದ ಕೆಳಗೆ. ಕಡಲ ಗಾಳಿ ಬೆರೆತ ಅಲ್ಲಿನ ಕೆಳಪದರ ನಮಗೆ ಸಲ್ಲದು. 700 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ, ಮೇಲೆ ಹೋದಂತೆ ಇಳಿಯುತ್ತದೆ), ಅಂದರೆ ಸುಮಾರು 3,100 ಮೀಟರಿನ ಮೇಲೆ ಊರೂರಿಗೆ ವ್ಯತ್ಯಾಸ ಕಡಿಮೆ, ಅಲ್ಲಿ ಪಣಜಿ ಸಾಕು. ಕೆಳಗಿನ ಭಾಗಕ್ಕೆ ಬೆಂಗಳೂರೇ ವಾಸಿ, ಅದೂ ಬಯಲುಸೀಮೆಯ ಎತ್ತರದ ನೆಲ.

ಬೆಳಗಿನ 5.30 ಮತ್ತು ಸಂಜೆ 5.30ರ ಹಾರಾಟಗಳ ಅಂಕಿಗಳನ್ನು ಎಂದೂ ಕೂಡಿಸಬೇಡಿ. ಚಳಿಗಾಲದ ಬೆಳಗ್ಗೆ ನೆಲ ತಣ್ಣಗಾಗಿ ಮೊದಲ ಕೆಲವು ನೂರು ಮೀಟರಿನಲ್ಲಿ ತಾಪಮಾನ ಮೇಲೇರುತ್ತಲೇ ಹೋಗುತ್ತದೆ. ಸಂಜೆಯದನ್ನು ಬೆರೆಸಿದರೆ ಆ ಏರಿಕೆಯೂ ಇಲ್ಲ, ಮಧ್ಯಾಹ್ನದ ಕಡಿದಾದ ಇಳಿಕೆಯೂ ಇಲ್ಲ. ಯಾವ ಹೊತ್ತಿನಲ್ಲೂ ಇರದ ಒಂದು ಗೆರೆ ಸಿಗುತ್ತದೆ.

ಕಂಪ್ಯೂಟರ್ ಮಾದರಿಗಳ ದತ್ತಾಂಶ ಬಳಸುವವರು ಎಡವುವುದು 1000 ಹೆಕ್ಟೊಪಾಸ್ಕಲ್ ಸಾಲಿನಲ್ಲಿ. ಆ ಒತ್ತಡ ಸುಮಾರು 100 ಮೀಟರ್ ಎತ್ತರದ್ದು, ಹುಬ್ಬಳ್ಳಿ ಇರುವುದು 600 ಮೀಟರಿಗೂ ಮೇಲೆ. ಅಲ್ಲಿ ಕೊಟ್ಟಿರುವುದು ನೆಲದಡಿಯ ತಾಪಮಾನ! ಸಾಲನ್ನೇ ಅಳಿಸಿ. ಧಾರವಾಡದಲ್ಲಿ 925ರ ಮಟ್ಟವೂ ಹೆಚ್ಚುಕಡಿಮೆ ಅಂಗಳದಲ್ಲೇ ಬರುತ್ತದೆ.

ಮುಖ್ಯ ತೊಡಕು ಮೇಲಿನದು. ಕೆಲವು ಬಲೂನುಗಳು ಬೇಗ ಒಡೆಯುತ್ತವೆ. 500ರ ಮಟ್ಟಕ್ಕೆ 28 ದಿನದ ಅಂಕಿ, 150ಕ್ಕೆ 17 ದಿನದ್ದು ಎಂದಾದರೆ ಎರಡು ಸರಾಸರಿಗಳ ನಡುವೆ ಸುಳ್ಳು ತಿರುವು ಮೂಡುತ್ತದೆ. ಅದಕ್ಕೆ ನಾನು ಮಟ್ಟಗಳ ಸರಾಸರಿ ತೆಗೆಯುವುದಿಲ್ಲ. ಪ್ರತಿ ಹಾರಾಟದಲ್ಲೂ ಪದರದಿಂದ ಪದರಕ್ಕೆ ಆದ ವ್ಯತ್ಯಾಸ ತೆಗೆದು, ಆ ವ್ಯತ್ಯಾಸಗಳ ಸರಾಸರಿಯನ್ನು ಕೆಳಗಿನಿಂದ ಪೇರಿಸುತ್ತೇನೆ.

ಎರಡು ಒತ್ತಡದ ಮಟ್ಟಗಳ ನಡುವಿನ ಎತ್ತರದ ತಾಳೆಗೆ ಒಂದೇ ಸೂತ್ರ: 29.3 × ಕೆಲ್ವಿನ್ ತಾಪಮಾನ × ಒತ್ತಡಗಳ ಅನುಪಾತದ ಸ್ವಾಭಾವಿಕ ಲಾಗರಿದಮ್. 850ರಿಂದ 700ಕ್ಕೆ, ಸರಾಸರಿ 288 ಕೆಲ್ವಿನ್ ಹಿಡಿದರೆ, ಸುಮಾರು 1,640 ಮೀಟರ್. ಫೈಲಿನ ಎತ್ತರ ಇದಕ್ಕಿಂತ 100 ಮೀಟರ್ ಆಚೀಚೆ ಇದ್ದರೆ ಆ ಹಾರಾಟವನ್ನು ಬಿಟ್ಟುಬಿಡಿ.

ಟ್ರೋಪೋಪಾಸ್, ಅಂದರೆ ತಾಪಮಾನದ ಇಳಿಕೆ ನಿಲ್ಲುವ ಗಡಿ, ದಿನಕ್ಕೊಂದು ಎತ್ತರದಲ್ಲಿರುತ್ತದೆ. ನೇರ ಸರಾಸರಿ ತೆಗೆದರೆ ಅದರ ಚೂಪು ತಿರುವು ಮೊಂಡಾಗುತ್ತದೆ. ಇಳಿಕೆ ಕಿಲೋಮೀಟರಿಗೆ 2 ಡಿಗ್ರಿ ಅಥವಾ ಕಡಿಮೆಯಾಗಿ, ಮೇಲಿನ 2 ಕಿ.ಮೀ.ಯಲ್ಲೂ ಸರಾಸರಿ ಅದನ್ನು ಮೀರದ ಮೊದಲ ಮಟ್ಟವನ್ನು ದಿನದಿನವೂ ಗುರುತಿಸಿ, ಅಲ್ಲಿಂದ ಮೇಲಕ್ಕೆ ಕೆಳಕ್ಕೆ ಅಳೆದು ಸರಾಸರಿ ಮಾಡಿ.